ಹದಿನೇಳು ಮನೆಗೆ ಒಂದೇ ವೋಟು

ಗೊತ್ತಿಲ್ಲದ ವಿಷಯ ಬಂದಾಗ ಮನುಷ್ಯ ಬಾಯಿ ಮುಚ್ಚಿಕೊಂಡು ಆಂಬೊಡೆ ತಿನ್ನಬೇಕು. ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ ಎಂದು ನೀವು ಕೇಳಬಹುದು. ಕೃಷ್ಣಪ್ರಸಾದನಿಗೂ ಅಲ್ಲೇ ಎಡವಟ್ಟಾದದ್ದು. ಆ ವರ್ಷದ ಗಣೇಶನ ಹಬ್ಬದಲ್ಲಿ ಆಂಬೊಡೆಗೆಂದು ತೆರೆದ ಬಾಯಿಂದ ಒಂದು ಮಾತು ಜಾರಿ ಹೊರಗೆ ಬಿತ್ತು. ಮುಂದೆ ಎರಡು ತಿಂಗಳು ಅಮೆರಿಕದ ಮಾರಿಸ್‌ವಿಲ್ಲಿನ ಆ ಬೀದಿಯಲ್ಲಿ ನಡೆದದ್ದಕ್ಕೆಲ್ಲ ಆ ಮಾತೇ ಕಾರಣ.

ಆ ಟೌನ್‌ಹೌಸ್ ಸಾಲಿನಲ್ಲಿ ಕನ್ನಡದ ಮನೆಗಳು ಒಟ್ಟು ಹದಿನೇಳು. ಹದಿನಾರು ಮನೆಯವರು ವೀಸಾದ ಮೇಲಿದ್ದವರು, ಇಲ್ಲವೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ಹನ್ನೆರಡು ವರ್ಷದಿಂದ ನಿಂತವರು. ಅವರಿಗೆ ಮನೆಯಿತ್ತು, ಎರಡೆರಡು ಕಾರಿತ್ತು, ಅಮೆರಿಕದ ರಾಜಕೀಯದ ಬಗ್ಗೆ ಮೂಟೆಗಟ್ಟಲೆ ಅಭಿಪ್ರಾಯವಿತ್ತು. ವೋಟು ಮಾತ್ರ ಇರಲಿಲ್ಲ. ಹದಿನೇಳನೆಯ ಮನೆಯ ಕೃಷ್ಣಪ್ರಸಾದ ಹಿಂದಿನ ವರ್ಷ ಅಟ್ಲಾಂಟಾದಲ್ಲಿದ್ದಾಗ ಸಿಟಿಜನ್ ಆಗಿದ್ದ. ಹೆಂಡತಿ ಉಷಾಳ ಅರ್ಜಿ ಅವನಿಗಿಂತ ಎರಡು ವರ್ಷ ಹಿಂದಿತ್ತು. ಆಕೆಗೆ ಇಲ್ಲಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿ ಜನವರಿಯಲ್ಲಿ ಬಂದು ಮನೆ ಹಿಡಿದಿದ್ದಳು. ಮಗಳು ಮಧುರಾಳನ್ನು ಕರೆದುಕೊಂಡು ಇವನು ಮಾರ್ಚಿನಲ್ಲಿ ಬಂದು ಸೇರಿಕೊಂಡಿದ್ದ. ಹೀಗಾಗಿ ಬೀದಿಯ ಕನ್ನಡಿಗರಿಗೆಲ್ಲ ಇದ್ದದ್ದು ಅದೊಂದೇ ವೋಟು. ಅದೂ ಎಂಥ ರಾಜ್ಯದಲ್ಲಿ ಅಂತೀರಿ, ಆನೆ ಗುರುತಿನ ಪಕ್ಷಕ್ಕೆ ಹೋಗುತ್ತದೋ ಕತ್ತೆ ಗುರುತಿನ ಪಕ್ಷಕ್ಕೆ ಹೋಗುತ್ತದೋ ಬ್ರಹ್ಮನಿಗೂ ಗೊತ್ತಿಲ್ಲ ಎಂದು ಟೀವಿಯವರು ದಿನವೂ ಬಡಿದುಕೊಳ್ಳುತ್ತಿದ್ದ ರಾಜ್ಯದಲ್ಲಿ.

ಹಬ್ಬದ ದಿನ ಮೂರನೇ ಮನೆಯ ರವಿಕಿರಣ್ ಎಲ್ಲರೆದುರಿಗೆ ಕೇಳಿದ.

"ಏನ್ ಗುರೂ ಪ್ರಸಾದ್, ಈ ಸಲ ಯಾರಿಗೆ ವೋಟ್ ಮಾಡ್ತಿದ್ದೀಯ?"

ಕೃಷ್ಣಪ್ರಸಾದ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವನ ಹೊಟ್ಟೆಪಾಡು. ಚುನಾವಣೆಯ ಸುದ್ದಿ ಬಂದರೆ ಚಾನೆಲ್ ಬದಲಿಸಿ ಕ್ರಿಕೆಟ್ ಹಾಕಿಕೊಳ್ಳುತ್ತಿದ್ದ. ಆದರೆ ಎದುರಿಗೆ ಹದಿನಾರು ಮನೆಯವರು ತಟ್ಟೆ ಹಿಡಿದು ಕಾದು ನಿಂತಿದ್ದಾರೆ. ಬರುವಾಗ ಕಾರಿನ ರೇಡಿಯೋದಲ್ಲಿ ಯಾರೋ ಎರಡು ಪದ ಹೇಳಿದ್ದು ನೆನಪಾಯಿತು. ಅದನ್ನೇ ಎತ್ತಿ ಒಗೆದ.

"ನಾನು ಫಾರಿನ್ ಪಾಲಿಸಿ ನೋಡ್ಕೊಂಡು ಡಿಸೈಡ್ ಮಾಡ್ತೀನಿ."

ಒಂದು ಕ್ಷಣ ಆಂಬೊಡೆ ಕಡಿಯುವ ಸದ್ದೂ ನಿಂತಿತು. ಪೆಟ್ರೋಲ್ ರೇಟು, ಮೊಟ್ಟೆ ರೇಟು, ಟ್ಯಾಕ್ಸು ಎಂದೆಲ್ಲ ಮಾತಾಡುವವರ ನಡುವೆ ಇಂಥ ದೊಡ್ಡ ಮನುಷ್ಯ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಉಷಾ ಮಾತ್ರ ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು. ಹಿಂದಿನ ವಾರ ಫ್ರೀಜರಿನಲ್ಲಿ ಬಟಾಣಿ ಯಾವ ಕಡೆ ಇದೆ ಎಂದು ಕೇಳಿದವನು ಇವನೇ.

ಮೂರನೇ ದಿನಕ್ಕೆ ರವಿಕಿರಣನ ಮನೆಯಿಂದ ಊಟಕ್ಕೆ ಕರೆ ಬಂತು. ಬಿಸಿಬೇಳೆ ಬಾತು, ಬೂಂದಿ, ಹಪ್ಪಳ, ಜೊತೆಗೆ ನಲವತ್ತೊಂದು ಸ್ಲೈಡು. ರವಿಕಿರಣ್ ಆನೆಯ ಕಡೆಯವನು. ರಷ್ಯಾದ ಎಣ್ಣೆ ಭಾರತಕ್ಕೆ ಯಾವ ದಾರಿಯಲ್ಲಿ ಬರುತ್ತದೆ, ಯುಕ್ರೇನಿಗೆ ಎಷ್ಟು ಕೊಡಬೇಕು, ಎಷ್ಟು ಕೊಡಬಾರದು ಎಂದು ಟೀವಿಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ.

"ನೀನು ಸುಮ್ನೆ ನೋಡು ಗುರೂ. ಈ ಬ್ಲೂ ಲೈನ್ ಮೇಲೆ ಹೋದ್ರೆ ನಮಗೆ ಒಳ್ಳೇದಾ, ಕೆಳಗೆ ಬಂದ್ರೆ ಒಳ್ಳೇದಾ?"

"ಮೇಲೆ," ಎಂದ ಕೃಷ್ಣಪ್ರಸಾದ, ಇನ್ನೊಂದು ಸೌಟು ಬಾತು ಬಡಿಸಿಕೊಳ್ಳುತ್ತ.

"ಕೆಳಗೆ."

"ಅದೇ, ಕೆಳಗೆ. ಮೇಲಿಂದ ಕೆಳಗೆ ಅಂದೆ."

ಸುದ್ದಿ ಹನ್ನೊಂದನೇ ಮನೆಗೆ ತಲುಪಿತು. ಅಲ್ಲಿ ಶಿವಶರಣಪ್ಪನವರಿದ್ದರು. ಕಲಬುರಗಿ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಮಗ-ಸೊಸೆಯ ಮನೆಗೆ ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಬಂದಿದ್ದರು. ಅಮೆರಿಕಕ್ಕೆ ಯಾರು ಅಧ್ಯಕ್ಷರಾಗಬೇಕು ಎಂಬ ವಿಷಯದಲ್ಲಿ ಬೀದಿಗೆಲ್ಲ ಅತ್ಯಂತ ಖಚಿತವಾದ ಅಭಿಪ್ರಾಯ ಇದ್ದದ್ದು ಅವರಿಗೇ. ಅವರು ಕತ್ತೆಯ ಕಡೆ. ಅವರ ಮನೆಯಲ್ಲಿ ಸ್ಲೈಡು ಇರಲಿಲ್ಲ, ಊಟದ ಮೇಜೇ ಭೂಪಟ. ಒಂದು ಜೋಳದ ರೊಟ್ಟಿ ಚೀನಾ ಆಯಿತು, ಪಕ್ಕದ ಎಣ್ಣೆಗಾಯಿ ತೈವಾನ್ ಆಯಿತು.

"ನೋಡ್ರಿ ಪ್ರಸಾದ್, ಈ ರೊಟ್ಟಿ ಇದ್ಹಂಗ ಬಂದು ಬದನಿಕಾಯಿ ಮ್ಯಾಲ ಬಿತ್ತು ಅಂತ ತಿಳ್ಕೊರಿ. ಯಾರು ಕೇಳಾಂವ್ರು? ಈ ಶೇಂಗಾ ಹಿಂಡಿ ಬಂದು ನಡಕ ನಿಂದರಬೇಕು. ಹಿಂಡಿ ಅಂದ್ರ ಯಾರು?"

"ಜಪಾನ್?"

"ಅಮೆರಿಕಾರಿ. ಜಪಾನ್ ಅಲ್ಲಿ ಮೊಸರಿನ ಬಟ್ಟಲ್ದಾಗ ಅದ."

ಕೃಷ್ಣಪ್ರಸಾದನಿಗೆ ಹಸಿವಾಗಿತ್ತು. ಮಾತು ಮುಗಿಯುವ ಹೊತ್ತಿಗೆ ತೈವಾನನ್ನು ಅವನೇ ತಿಂದು ಮುಗಿಸಿದ್ದ. ಶಿವಶರಣಪ್ಪನವರು ಬೇಸರ ಮಾಡಿಕೊಳ್ಳದೆ ಇನ್ನೊಂದು ಬಡಿಸಿ ಪಾಠವನ್ನು ಮೊದಲಿನಿಂದ ಶುರು ಮಾಡಿದರು.

ಹೀಗೆ ಹೊತ್ತಿಕೊಂಡಿತು ನೋಡಿ. ಬೀದಿ ಎರಡು ಪಾಲಾಯಿತು. ಎಂಟು ಮನೆ ಆನೆ, ಎಂಟು ಮನೆ ಕತ್ತೆ. ಒಂದು ದಿನ ಇವರ ಮನೆಯಲ್ಲಿ ಚಿರೋಟಿ, ಮರುದಿನ ಅವರ ಮನೆಯಲ್ಲಿ ಹೋಳಿಗೆ. ಎರಡನೇ ವಾರಕ್ಕೆ ಕೃಷ್ಣಪ್ರಸಾದನಿಗೆ ರಾಜಕೀಯದ ಒಂದು ಸತ್ಯ ಹೊಳೆಯಿತು: ಯಾರಿಗೆ ವೋಟು ಎಂದು ಹೇಳಿಬಿಟ್ಟರೆ ಎಂಟು ಮನೆಯ ಊಟ ನಿಲ್ಲುತ್ತದೆ. ಆದ್ದರಿಂದ ಅವನು ನಮ್ಮ ದೇಶದ ಹಳೆಯ ಅಲಿಪ್ತ ನೀತಿಯನ್ನೇ ಹಿಡಿದ. ಎರಡೂ ಕಡೆ ಉಂಡ, ಎರಡೂ ಕಡೆ ತಲೆಯಾಡಿಸಿದ, ಎರಡೂ ಕಡೆ "ಇನ್ನೂ ಸ್ಟಡಿ ಮಾಡ್ಬೇಕು" ಎಂದ. ಎದುರಿಗೆ ಬಂದವರು "ಸರ್" ಎನ್ನತೊಡಗಿದರು. ನಡಿಗೆಯೇ ಬದಲಾಗಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡತೊಡಗಿದ.

ಇತ್ತ ಮನೆಯಲ್ಲಿ ಅವನ ಹೆಸರಿನಲ್ಲಿದ್ದದ್ದು ಒಂದೇ ವಸ್ತು. ಕಸದ ತೊಟ್ಟಿ. ಬಾಡಿಗೆ ಕರಾರು, ಕರೆಂಟು, ಇಂಟರ್ನೆಟ್ಟು ಎಲ್ಲ ಉಷಾಳ ಹೆಸರಿನಲ್ಲಿತ್ತು. ಮಾರ್ಚಿನಲ್ಲಿ ಇವನು ಬಂದಾಗ, "ಈ ಮನೇಲಿ ಒಂದ್ ಕೆಲಸನಾದ್ರೂ ನಿಮ್ಮದು ಅಂತ ಇರ್ಲಿ ರೀ" ಎಂದು ಹೊಸ ತೊಟ್ಟಿಗೆ ಟೌನ್ ಆಫೀಸಿನಲ್ಲಿ ಅವನ ಹೆಸರೇ ಬರೆಸಿದ್ದಳು. ವಾರಕ್ಕೊಮ್ಮೆ ಅದನ್ನು ರಸ್ತೆಗೆ ತಳ್ಳಬೇಕು, ಕಸದ ಗಾಡಿ ಹೋದ ಮೇಲೆ ಅದೇ ಸಂಜೆ ಒಳಗೆಳೆಯಬೇಕು. ಚೀನಾ ಸಮುದ್ರದ ಚಿಂತೆ ಹತ್ತಿದ ಮೇಲೆ ಕೃಷ್ಣಪ್ರಸಾದ ಹೊರಗೆ ತಳ್ಳುವುದನ್ನು ಮಾಡಿದ, ಒಳಗೆಳೆಯುವುದನ್ನು ಬಿಟ್ಟ. ತೊಟ್ಟಿ ನಾಲ್ಕು ವಾರ ರಸ್ತೆಯಲ್ಲೇ ನಿಂತಿತು.

ಪಕ್ಕದ ಮನೆಯ ಮಿಸೆಸ್ ಹ್ಯಾಡಕ್ ಎಪ್ಪತ್ತು ದಾಟಿದ ಹೆಂಗಸು. ಹುಲ್ಲನ್ನು ಅಳತೆ ಹಿಡಿದು ಕತ್ತರಿಸುವವರು. ಮೊದಲು ನಗುತ್ತ ಹೇಳಿದರು, ಆಮೇಲೆ ನಗದೆ ಹೇಳಿದರು, ಆಮೇಲೆ ಟೌನ್ ಆಫೀಸಿಗೆ ಹೇಳಿದರು. ಅಕ್ಟೋಬರ್ ಕೊನೆಗೆ ಮುದ್ರೆ ಒತ್ತಿದ ಪತ್ರ ಬಂತು: ಇಂಥ ವಿಳಾಸದ ಕೃಷ್ಣಪ್ರಸಾದ ಎಂಬವರು ತೊಟ್ಟಿಯನ್ನು ಕೂಡಲೇ ಒಳಗಿಡತಕ್ಕದ್ದು.

"ನಂಗೆ ನಾಚಿಕೆ ಆಗತ್ತೆ ರೀ," ಎಂದಳು ಉಷಾ. "ಬಂದ್ಮೇಲೆ ಸರ್ಕಾರದಿಂದ ನಿಮಗೆ ಬಂದಿರೋ ಮೊದಲ್ನೇ ಲೆಟರ್ ಇದು."

"ನೋಡೋಣ ಇರು. ಇವತ್ತು ಇರಾನ್ ವಿಷ್ಯ ಇದೆ, ಐದನೇ ಮನೆ ಅವಿನಾಶ್ ಹತ್ರ."

ಉಷಾ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಇರಾನ್ ಹಾಗಿರ್ಲಿ. ನಾನೊಂದು ಕೇಳ್ತೀನಿ, ಅದು ಮಾಡಿ. ವೋಟಿನ ಪೇಪರ್ ಕೊನೇಲಿ ಲೈಬ್ರರಿಗಳಿಗೆ ದುಡ್ಡು ಕೊಡ್ಬೇಕಾ ಬೇಡ್ವಾ ಅಂತ ಒಂದು ಪ್ರಶ್ನೆ ಇರತ್ತಂತೆ. ಕೊಡ್ಬೇಕು ಅಂತ ಹಾಕಿ. ಜನವರೀಲಿ ನಾನೊಬ್ಳೇ ಇಲ್ಲಿಗೆ ಬಂದಾಗ ಯಾರ ಪರಿಚಯನೂ ಇರ್ಲಿಲ್ಲ. ಎರಡು ತಿಂಗಳು ಸಾಯಂಕಾಲ ಆದ್ರೆ ಲೈಬ್ರರೀಲಿ ಹೋಗಿ ಕೂತ್ಕೊತಿದ್ದೆ. ಆ ಲೈಬ್ರರಿ ಇಲ್ದಿದ್ರೆ ನಾನು ಅಟ್ಲಾಂಟಾಕ್ಕೆ ವಾಪಸ್ ಹೋಗ್ಬಿಡ್ತಿದ್ದೆ. ನಂಗೆ ವೋಟಿಲ್ಲ. ಮನೇಲಿರೋದು ನಿಮ್ದೊಂದೇ."

ಆ ಮಾತು ಕೃಷ್ಣಪ್ರಸಾದನಿಗೆ ನಾಟಿತು. ಕಣ್ಣು ಒದ್ದೆಯಾಯಿತು. "ಖಂಡಿತ," ಎಂದ. ಆಮೇಲೆ ಎದ್ದು ಇರಾನಿಗೆ ಹೋದ.

ಶಿವಶರಣಪ್ಪನವರ ಸೊಸೆ ರಚನಾ ಕನ್ನಡ ಬಳಗದ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅದೇ ಅಂತ್ಯಾಕ್ಷರಿ ಮಾಡಿ ಆಕೆಗೂ ಸಾಕಾಗಿತ್ತು. ಈ ಸಲ ವಿದೇಶಾಂಗ ನೀತಿಯ ಮೇಲೆ ಚರ್ಚಾಸ್ಪರ್ಧೆ ಎಂದು ಘೋಷಿಸಿಬಿಟ್ಟಳು. ಒಂದು ಕಡೆ ಆನೆ, ಒಂದು ಕಡೆ ಕತ್ತೆ, ತೀರ್ಪುಗಾರರು ಕೃಷ್ಣಪ್ರಸಾದ್. ಗೆದ್ದ ಪಕ್ಷಕ್ಕೆ ಬಹುಮಾನ ಅವರ ವೋಟು.

"ಒಂದೇ ರಿಕ್ವೆಸ್ಟ್ ಪ್ರಸಾದ್ ಅವ್ರೆ," ಎಂದಳು ಫೋನಿನಲ್ಲಿ. "ದಯವಿಟ್ಟು ಡಿಸೈಡ್ ಮಾಡ್ಕೊಂಡ್ ಬರ್ಬೇಡಿ. ಪ್ರೋಗ್ರಾಂ ಫ್ಲಾಪ್ ಆಗತ್ತೆ."

ನವೆಂಬರ್ ಎರಡು, ಶನಿವಾರ. ಹತ್ತಕ್ಕೆ ಸರಿಯಾಗಿ ಆರಂಭವಾಗಬೇಕಾದ ಕಾರ್ಯಕ್ರಮ ಹನ್ನೊಂದೂ ಮುಕ್ಕಾಲಿಗೆ ಸರಿಯಾಗಿ ಆರಂಭವಾಯಿತು. ನಾಡಗೀತೆ, ದೀಪ, ಸ್ವಾಗತ, ಸ್ವಾಗತ ಮಾಡಿದವರಿಗೆ ವಂದನೆ. ತೀರ್ಪುಗಾರರಿಗೆ ಶಾಲು, ಗಂಧದ ಹಾರ, ಮೈಸೂರು ಪೇಟ. ಪೇಟ ತಲೆಗೆ ಏರಿದ ಮೇಲೆ ಕೃಷ್ಣಪ್ರಸಾದನ ಮುಖಕ್ಕೆ ದಿವಾನರ ಕಳೆ ಬಂತು. ಅಂಕ ಬರೆಯಲು ಕಾಗದ ಬೇಕಾಗಿ ಜುಬ್ಬದ ಜೇಬಿಗೆ ಕೈ ಹಾಕಿದರೆ, ಉಷಾ ಬೆಳಿಗ್ಗೆ "ಇದಕ್ಕೆ ಸೋಮವಾರದೊಳಗೆ ಉತ್ತರ ಬರೀರಿ" ಎಂದು ತುರುಕಿದ್ದ ತೊಟ್ಟಿಯ ಪತ್ರ ಸಿಕ್ಕಿತು. ಅದರ ಬೆನ್ನಿಗೆ ಎರಡು ಗೆರೆ ಎಳೆದು ಆನೆ, ಕತ್ತೆ ಎಂದು ಬರೆದುಕೊಂಡ.

ರವಿಕಿರಣ್ ನಲವತ್ತೊಂದು ಸ್ಲೈಡನ್ನು ಅರುವತ್ತಕ್ಕೆ ಏರಿಸಿಕೊಂಡು ಬಂದಿದ್ದ. ಶಿವಶರಣಪ್ಪನವರು ಅಡುಗೆಯವರಿಂದ ಸೌಟು, ಬೋಗುಣಿ ತರಿಸಿ ಹಾರ್ಮುಜ್ ಜಲಸಂಧಿಯನ್ನು ಕಟ್ಟಿದರು. "ನಿಮ್ಮ ಸೌಟು ನಮ್ಮ ಸರಹದ್ದು ದಾಟಿದೆ ಅಂಕಲ್" ಎಂದ ರವಿಕಿರಣ್. "ಅದು ಸೌಟಲ್ಲೋ ತಮ್ಮಾ, ನೌಕಾದಳ" ಎಂದರು ಅವರು. ಯಾರೋ ನಡುವೆ ಎದ್ದು ಎಚ್-ಒನ್ ವೀಸಾ ಕೂಡ ವಿದೇಶಾಂಗ ನೀತಿಯೇ ಅಲ್ಲವೇ ಎಂದು ಕೇಳಿದ್ದೇ ತಡ, ಸಭೆಗೆ ಸಭೆಯೇ ಎದ್ದು ನಿಂತಿತು. ಊಟ ತಡವಾಗಿ, ಸಾರು ತಣ್ಣಗಾಗಿ, ಅಂಕ ಏಳು-ಏಳು ಸಮವಾಗಿ ನಿಂತಿತು.

ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಫೋನು ನೋಡುತ್ತಿದ್ದ ಮಧುರಾ ಕೈ ಎತ್ತಿದಳು. ಒಂಬತ್ತನೇ ತರಗತಿಯ ಹುಡುಗಿ, ಅಟ್ಲಾಂಟಾದಲ್ಲಿ ಹುಟ್ಟಿದವಳು.

"ಅಪ್ಪ, ನೀನು ಇಲ್ಲಿ ವೋಟಿಗೆ ರಿಜಿಸ್ಟರ್ ಮಾಡಿದೆ?"

"ಆಗ್ಲೇ ಆಗಿದೆ ಪುಟ್ಟಾ. ಅಟ್ಲಾಂಟಾದಲ್ಲೇ ಮಾಡಿಸಿದ್ದೆ."

"ದಟ್ಸ್ ಜಾರ್ಜಿಯಾ, ಅಪ್ಪ. ಬೇರೆ ಸ್ಟೇಟ್. ಇಲ್ಲಿ ನಿನ್ನ ನೇಮ್ ಇಲ್ಲ. ನಾನು ಚೆಕ್ ಮಾಡಿದೆ."

ಕೃಷ್ಣಪ್ರಸಾದ ನಕ್ಕ. ಊರು ಬದಲಿಸಿದಾಗ ಫೋನ್ ನಂಬರು ಜೊತೆಗೇ ಬಂದಿತ್ತು. ವೋಟೂ ಹಾಗೇ ಹಿಂದೆ ಬಂದಿರುತ್ತದೆ ಎಂದು ಅವನು ಇಷ್ಟು ದಿನ ತಿಳಿದಿದ್ದ. ಮಧುರಾ ಫೋನನ್ನು ಅವನ ಮುಖದೆದುರು ಹಿಡಿದಳು. ಮಂಗಳವಾರ ಚುನಾವಣೆ ನಿಜ, ಆದರೆ ಹೊಸಬರು ಹೆಸರು ಬರೆಸಿ ಕೂಡಲೇ ವೋಟು ಹಾಕಲು ಇದ್ದ ಅವಕಾಶ ಇವತ್ತಿಗೇ ಕೊನೆ, ಮೂರು ಗಂಟೆಗೆ. ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತೇಳು.

ಉಷಾಳ ಮುಖ ಬಿಳಿಚಿಕೊಂಡಿತು. ಆಕೆ ಕಾರಿನ ಕೀ ತೆಗೆದುಕೊಂಡಳು.

ವಿದೇಶಾಂಗ ನೀತಿಯಲ್ಲಿ ಒಮ್ಮತ ಕಾಣದ ಬೀದಿ ಆಗ ಒಂದಾಯಿತು. ಹದಿನೇಳು ಮನೆಯವರೂ ಕಾರು ಹತ್ತಿದರು. ಮುಂದಿನ ಕಾರಿನಲ್ಲಿ ಪೇಟ ಧರಿಸಿದ ಕೃಷ್ಣಪ್ರಸಾದ, ಅವನ ಎಡಕ್ಕೆ ರವಿಕಿರಣ್, ಬಲಕ್ಕೆ ಶಿವಶರಣಪ್ಪನವರು. ಇಬ್ಬರೂ ಎರಡು ಕಿವಿಯಲ್ಲಿ ಕೊನೆಯ ಮನವಿ ಸಲ್ಲಿಸುತ್ತಲೇ ಇದ್ದರು.

ಕಮ್ಯುನಿಟಿ ಸೆಂಟರಿನ ಹೊರಗೆ ಎರಡು ಪಕ್ಷದ ಸ್ವಯಂಸೇವಕರೂ ಡೇರೆ ಹಾಕಿಕೊಂಡು ಕೂತಿದ್ದರು. ಕೊನೆಯ ಗಳಿಗೆಯಲ್ಲಿ ರೇಷ್ಮೆ ಸೀರೆ, ಜುಬ್ಬ ತೊಟ್ಟ ಅರುವತ್ತು ಜನ ಕಾರುಗಳಿಂದ ಇಳಿದದ್ದು ನೋಡಿ ಅವರಿಗೆ ಕೈಕಾಲೇ ಆಡಲಿಲ್ಲ. ಇಂಥದ್ದೊಂದು ಅಲೆಯನ್ನು ಯಾವ ಸಮೀಕ್ಷೆಯೂ ಹೇಳಿರಲಿಲ್ಲ. ಕರಪತ್ರ ಹಿಡಿದು ಓಡಿ ಬಂದರು. ಒಬ್ಬಳು ರಚನಾಳಿಗೆ ಕೊಟ್ಟಳು, ರಚನಾ "ನಾಟ್ ಮಿ, ಹಿಮ್" ಎಂದು ಮುಂದೆ ಕೈ ತೋರಿಸಿದಳು. ಇನ್ನೊಬ್ಬ ಅವಿನಾಶನಿಗೆ ಕೊಟ್ಟ, ಅವನೂ "ಹಿಮ್" ಎಂದ. ಅರುವತ್ತು ಜನರೂ ಒಬ್ಬ ಪೇಟದವನನ್ನು ತೋರಿಸುತ್ತಿದ್ದಾರೆ. ಇವನು ಯಾವುದೋ ಸಂಸ್ಥಾನದ ಅರಸನಿರಬೇಕು ಎಂದುಕೊಂಡು ಸ್ವಯಂಸೇವಕರು ದಾರಿ ಬಿಟ್ಟರು.

ಒಳಗೆ ಹೋಗುವ ಮುಂಚೆ ಶಿವಶರಣಪ್ಪನವರು ಅವನ ಭುಜ ಹಿಡಿದರು. ಮೂವತ್ತೆರಡು ವರ್ಷ ಪರೀಕ್ಷೆಯ ಹಾಲಿನ ಬಾಗಿಲಲ್ಲಿ ಹೇಳಿದ್ದನ್ನೇ ಹೇಳಿದರು.

"ಗಾಬರಿ ಆಗಬ್ಯಾಡ್ರಿ. ಪೇಪರ್ ಪೂರಾ ಓದ್ರಿ. ಗೊತ್ತಿದ್ದದ್ದು ಮೊದಲ ಬರೀರಿ, ಬಿರಸು ಪ್ರಶ್ನೆ ಕಡೀಕ್ಕ ಇಟ್ಕೊರಿ."

"ಆಯ್ತು ಸರ್," ಎಂದ ಕೃಷ್ಣಪ್ರಸಾದ, ನಲವತ್ತೇಳನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಹುಡುಗನಾಗಿ.

ಎರಡೂ ಐವತ್ತಮೂರಕ್ಕೆ ಅವನು ಸಾಲಿನಲ್ಲಿ ಕೊನೆಯವನಾಗಿ ನಿಂತ. ಹೆಸರು ಬರೆಸುವ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡು ಕೂತಿದ್ದವರು, ನೀವು ಊಹಿಸಿದಂತೆ, ಮಿಸೆಸ್ ಹ್ಯಾಡಕ್. ನಿವೃತ್ತರಾದಂದಿನಿಂದ ಪ್ರತಿ ಚುನಾವಣೆಗೂ ಅವರು ಬಂದು ಕೂರುವವರಂತೆ.

"ನಿಮ್ಮ ತಲೆಯ ಮೇಲಿರುವುದು ಯಾವುದಾದರೂ ಪಕ್ಷದ ಟೋಪಿಯೋ?" ಎಂದು ಕೇಳಿದರು.

"ಅಲ್ಲ ಮೇಡಂ. ಮೈಸೂರಿನದು."

"ಮೈಸೂರು ಈ ಸಲ ಸ್ಪರ್ಧಿಸುತ್ತಿಲ್ಲ, ಇರಲಿ. ಪಾಸ್‌ಪೋರ್ಟ್ ಸರಿಯಾಗಿದೆ. ನೀವು ಈ ಊರಿನಲ್ಲಿ ವಾಸವಾಗಿದ್ದೀರಿ ಎನ್ನುವುದಕ್ಕೆ ದಾಖಲೆ ಕೊಡಿ."

ಡ್ರೈವಿಂಗ್ ಲೈಸೆನ್ಸ್ ಕೊಟ್ಟ, ಅದರಲ್ಲಿ ಅಟ್ಲಾಂಟಾ. ಕಾರಿನ ಕಾಗದ, ಅಟ್ಲಾಂಟಾ. ಫೋನಿನಲ್ಲಿ ಬ್ಯಾಂಕು ತೆಗೆದ, ಸಂಬಳದ ಚೀಟಿ ತೆಗೆದ, ಎಲ್ಲದರಲ್ಲೂ ಅವನು ಸುಖವಾಗಿ ಅಟ್ಲಾಂಟಾದಲ್ಲೇ ಇದ್ದ. ಕರೆಂಟು ಬಿಲ್ಲು ಉಷಾ, ನೀರು ಬಿಲ್ಲು ಉಷಾ, ಬಾಡಿಗೆ ಉಷಾ. ತೈವಾನ್ ಯಾರದು ಎಂದು ಎರಡು ತಿಂಗಳಿಂದ ತೀರ್ಪು ಕೊಡುತ್ತಿದ್ದವನ ಹತ್ತಿರ ತಾನು ತನ್ನ ಮನೆಯಲ್ಲಿದ್ದೇನೆ ಎಂದು ತೋರಿಸಲು ಒಂದು ಚೂರು ಕಾಗದ ಇರಲಿಲ್ಲ.

"ಮಿಸೆಸ್ ಹ್ಯಾಡಕ್, ನೀವು ನನ್ನ ಪಕ್ಕದ ಮನೆಯವರು. ನಾನು ಎಲ್ಲಿದ್ದೇನೆ ಎಂದು ನಿಮಗೇ ಗೊತ್ತಲ್ಲ."

"ನನಗೆ ಚೆನ್ನಾಗಿ ಗೊತ್ತು. ಅದು ಕಾಗದದ ಮೇಲೂ ಇರಬೇಕು."

ಕೃಷ್ಣಪ್ರಸಾದನಿಗೆ ಬೆವರು ಕಿತ್ತುಕೊಂಡಿತು. ಕಿಟಕಿಯಾಚೆ ಉಷಾ ನಿಂತಿದ್ದಳು. ಎರಡು ತಿಂಗಳಲ್ಲಿ ಆಕೆ ಕೇಳಿದ್ದು ಒಂದೇ. ಅದೂ ಹೋಯಿತಲ್ಲ ಎಂದು ಅವನಿಗೆ ನಿಜವಾಗಿ ಅಳು ಬಂತು. ಕರ್ಚೀಪೆಂದು ಜೇಬಿನಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಮುಖ ಒರೆಸಿಕೊಂಡ. ಅದು ಮುಖಕ್ಕೆ ಚುಚ್ಚಿತು.

"ಅದೇನು ಕೈಯಲ್ಲಿ?" ಎಂದರು ಮಿಸೆಸ್ ಹ್ಯಾಡಕ್.

"ಏನಿಲ್ಲ. ಫಾರಿನ್ ಪಾಲಿಸಿ."

"ತಿರುಗಿಸಿ."

ತಿರುಗಿಸಿದ. ಮಿಸೆಸ್ ಹ್ಯಾಡಕ್ ಕಾಗದ ತೆಗೆದುಕೊಂಡು ಮಡಿಕೆ ಬಿಡಿಸಿ, ಇಡೀ ಹಾಲಿಗೆ ಕೇಳುವಂತೆ ಓದಿದರು. ಇಂಥ ವಿಳಾಸದಲ್ಲಿ ವಾಸವಾಗಿರುವ ಕೃಷ್ಣಪ್ರಸಾದ ಎಂಬವರ ಕಸದ ತೊಟ್ಟಿಯು ಸತತ ನಾಲ್ಕು ವಾರದಿಂದ ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದು. ಹೆಸರಿತ್ತು, ವಿಳಾಸವಿತ್ತು, ಟೌನಿನ ಮುದ್ರೆಯಿತ್ತು. ಕಾನೂನಿಗೆ ಇನ್ನೇನು ಬೇಕು.

"ಸರ್ಕಾರಿ ದಾಖಲೆ. ನಡೆಯುತ್ತದೆ," ಎಂದು ಅವರು ಪತ್ರ ವಾಪಸು ಕೊಟ್ಟು ಅರ್ಜಿಗೆ ಸಹಿ ಮಾಡಿದರು. "ತೊಟ್ಟಿಯನ್ನು ಹೇಳಿದಾಗಲೇ ಒಳಗಿಟ್ಟಿದ್ದರೆ ನಿಮಗೆ ಇವತ್ತು ವೋಟಿರುತ್ತಿರಲಿಲ್ಲ."

ಮತಪತ್ರ ಕೈಗೆ ಬಂತು. ಕೃಷ್ಣಪ್ರಸಾದ ಮೇಜಿಗೆ ಹೋಗಿ ಪೇಟ ಸರಿಮಾಡಿಕೊಂಡು ಕೂತ. ಅಧ್ಯಕ್ಷರದ್ದೊಂದು, ಲೈಬ್ರರಿಯದ್ದೊಂದು, ಅಷ್ಟೇ ಇರುತ್ತದೆ ಎಂದುಕೊಂಡಿದ್ದವನಿಗೆ ಎದೆ ಧಸಕ್ಕೆಂದಿತು. ಎರಡು ಪುಟ, ಮೇಲಿಂದ ಕೆಳಗೆ ಪ್ರಶ್ನೆ. ರಾಜ್ಯಪಾಲರು, ಕಾರ್ಯದರ್ಶಿಗಳು, ಲೆಕ್ಕ ಪರಿಶೋಧಕರು, ಡಜನ್ ಜಡ್ಜುಗಳು, ಕೊನೆಗೆ ಮಣ್ಣು-ನೀರು ಸಂರಕ್ಷಣೆಯ ಮೇಲ್ವಿಚಾರಕರು. ಇವರಲ್ಲಿ ಯಾರ ಮನೆಯಲ್ಲೂ ಅವನು ಊಟ ಮಾಡಿರಲಿಲ್ಲ.

ಪೇಪರ್ ಪೂರಾ ಓದ್ರಿ, ಎಂದಿದ್ದರು. ಓದಿದ. ಗೊತ್ತಿದ್ದದ್ದು ಮೊದಲು. ಗೊತ್ತಿದ್ದದ್ದು ಒಂದೇ, ಕಟ್ಟಕಡೆಯದು: ಲೈಬ್ರರಿಗೆ ಹಣ. ಹೌದು ಎಂಬ ಗುಂಡಗಿನ ಜಾಗವನ್ನು ಗೆರೆ ದಾಟದಂತೆ, ಚೂರೂ ಬಿಳಿ ಉಳಿಯದಂತೆ ತುಂಬಿದ. ಆಮೇಲೆ ಕೆಳಗಿನಿಂದ ಮೇಲಕ್ಕೆ ಹೊರಟ. ಮಣ್ಣು-ನೀರಿಗೆ ಆರು ನಿಮಿಷ ಹಿಡಿಯಿತು, ಮಣ್ಣು ಮುಖ್ಯವೋ ನೀರು ಮುಖ್ಯವೋ ಎಂದು. ಜಡ್ಜುಗಳಲ್ಲಿ ಹೆಸರು ನೋಡಿದರೆ ಸಿಟ್ಟಿನವರಂತೆ ಕಾಣದವರನ್ನು ಆರಿಸಿದ. ಅಧ್ಯಕ್ಷರ ಹುದ್ದೆ ಎಲ್ಲಕ್ಕಿಂತ ಬಿರುಸು ಪ್ರಶ್ನೆ, ಏಳು-ಏಳು ಅಂಕ. ಅದನ್ನು ಕಟ್ಟಕಡೆಗೆ ಇಟ್ಟುಕೊಂಡ. ಮೇಲೆ ಬರುವಷ್ಟರಲ್ಲಿ ಸ್ಲೈಡೂ ಸೌಟೂ ತಲೆಯಲ್ಲಿ ಕುಸ್ತಿಗೆ ಬಿದ್ದವು. ರಷ್ಯಾದ ಎಣ್ಣೆಯಲ್ಲಿ ತೈವಾನಿನ ಬದನೆಕಾಯಿ ಬೇಯುತ್ತಿತ್ತು.

"ಸರ್," ಎಂದು ಹಿಂದಿನಿಂದ ಒಬ್ಬರು ಮೆಲ್ಲಗೆ ಕರೆದರು. "ನೀವೇ ಕೊನೆಯವರು. ಮುಗಿಯಿತೇ?"

ಅವರು ಗದರಿದ್ದಲ್ಲ, ಅವಸರ ಮಾಡಿದ್ದೂ ಅಲ್ಲ. ಆದರೆ ಆ ದನಿಗೆ ಕೃಷ್ಣಪ್ರಸಾದನ ಮೈಯೊಳಗೆ ಮೂವತ್ತು ವರ್ಷದಿಂದ ಮಲಗಿದ್ದ ವಿದ್ಯಾರ್ಥಿ ದಡಬಡ ಎದ್ದು ನಿಂತ. ಪರೀಕ್ಷೆಯ ಮೇಲ್ವಿಚಾರಕರು ಮುಗಿಯಿತೇ ಎಂದರೆ ಪೆನ್ನು ಮುಚ್ಚಿ ಪೇಪರ್ ಕೊಟ್ಟುಬಿಡಬೇಕು. ಎದ್ದವನೇ ಸೀದಾ ಹೋಗಿ ಮತಪತ್ರವನ್ನು ಯಂತ್ರದ ಬಾಯಿಗೆ ಹಿಡಿದ. ಯಂತ್ರ ಅದನ್ನು ಸುರ್ರನೆ ಒಳಗೆಳೆದುಕೊಂಡು ಲೆಕ್ಕಕ್ಕೆ ಒಂದು ಸೇರಿಸಿತು. ಯಾರೋ ಎದೆಗೆ 'ವೋಟು ಹಾಕಿದೆ' ಎಂಬ ಸ್ಟಿಕರ್ ಅಂಟಿಸಿದರು. ಎರಡು ಹೆಜ್ಜೆ ನಡೆದ ಮೇಲೆ ಅವನಿಗೆ ನೆನಪಾಯಿತು, ಮೊದಲನೇ ಪ್ರಶ್ನೆ ಖಾಲಿ.

"ಮೇಡಂ, ಅದನ್ನು ಒಂದು ನಿಮಿಷ ವಾಪಸು ಕೊಡುತ್ತೀರಾ?"

ಮಿಸೆಸ್ ಹ್ಯಾಡಕ್ ಕನ್ನಡಕದ ಮೇಲಿಂದ ನೋಡಿದರು. "ಅದು ತೊಟ್ಟಿಯಲ್ಲ ಸರ್, ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ."

ಹೊರಗೆ ಅರುವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಸ್ಟಿಕರ್ ಕಂಡದ್ದೇ ಚಪ್ಪಾಳೆ. ರವಿಕಿರಣ್ ಬಂದು ತಬ್ಬಿಕೊಂಡ.

"ಹೇಳು ಗುರೂ. ಯಾರಿಗೆ?"

ಕೃಷ್ಣಪ್ರಸಾದ ಆಕಾಶ ನೋಡಿದ, ನೆಲ ನೋಡಿದ. ಆಮೇಲೆ ಪೇಟದ ಘನತೆಗೆ ತಕ್ಕ ಹಾಗೆ, "ಗುಪ್ತ ಮತದಾನ" ಎಂದ.

"ಕರೆಕ್ಟೇ ಬಿಡು. ಆದ್ರೆ ನನ್ನ ಸ್ಲೈಡು ನೆನಪಾಯ್ತಾ ಅಷ್ಟ್ ಹೇಳು."

"ನೆನಪಾಯ್ತು. ಅದರಿಂದಲೇ ಇಷ್ಟೆಲ್ಲ ಆದದ್ದು."

ರವಿಕಿರಣನ ಮುಖ ಅರಳಿತು. ಶಿವಶರಣಪ್ಪನವರು ಜನರನ್ನು ಸರಿಸಿ ಮುಂದೆ ಬಂದರು. "ಪ್ರಸಾದ್, ನಾ ಹೇಳಿದ್ಹಂಗ ಮಾಡಿದ್ರಿಲ್ಲೋ?"

"ಅಕ್ಷರ ಅಕ್ಷರ ನೀವು ಹೇಳಿದ ಹಾಗೇ ಮಾಡಿದೆ ಸರ್."

ಶಿವಶರಣಪ್ಪನವರ ಕಣ್ಣಲ್ಲಿ ನೀರಾಡಿತು. ಅವರ ಸೇವಾವಧಿಯಲ್ಲಿ ಇಂಥ ಶಿಷ್ಯ ಸಿಕ್ಕಿರಲಿಲ್ಲವಂತೆ. ಎಂಟು ಮನೆ ಆನೆ ಗೆದ್ದಿತೆಂದು, ಎಂಟು ಮನೆ ಕತ್ತೆ ಗೆದ್ದಿತೆಂದು ಅಲ್ಲೇ ಪಾರ್ಕಿಂಗ್ ಜಾಗದಲ್ಲಿ ಮೈಸೂರುಪಾಕು ಹಂಚಿಕೊಂಡರು. ಎರಡೂ ಡಬ್ಬಿಯಿಂದ ಮೊದಲನೇ ತುಂಡು ಕೃಷ್ಣಪ್ರಸಾದನಿಗೆ. ಮಂಗಳವಾರ ಫಲಿತಾಂಶ ನೋಡಲು ಎರಡು ಮನೆಯಿಂದ ಊಟಕ್ಕೆ ಕರೆಯೂ ಬಂತು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಉಷಾ ಕೇಳಿದಳು.

"ಲೈಬ್ರರಿಗೆ?"

"ಕೊಡ್ಬೇಕು ಅಂತ ಹಾಕ್ದೆ. ಎಲ್ಲಕ್ಕಿಂತ ಮೊದಲು ಅದನ್ನೇ ಹಾಕಿದ್ದು, ನಿನ್ನಾಣೆಗ್ಲೂ."

ಬೆಳಗಿನಿಂದ ಬಿಗಿದುಕೊಂಡಿದ್ದ ಉಷಾಳ ಮುಖ ಸಡಿಲವಾಯಿತು. "ಪ್ರೆಸಿಡೆಂಟಿಗೆ?"

ಕೃಷ್ಣಪ್ರಸಾದ ಪೇಟ ತೆಗೆದು ಮೇಜಿನ ಮೇಲಿಟ್ಟ. ಹಾರ ತೆಗೆದ. ಶಾಲು ಮಡಿಸಿದ. ಬೇರೆ ತೆಗೆಯುವುದಕ್ಕೆ ಏನೂ ಉಳಿಯದಿದ್ದಾಗ, ತಲೆ ತಗ್ಗಿಸಿ ನಡೆದದ್ದನ್ನು ಹೇಳಿದ.

ಉಷಾ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಸಾಲದೆ ಮೆಟ್ಟಿಲ ಮೇಲೆ ಕೂತಳು. ಕಣ್ಣಲ್ಲಿ ನೀರು ಬರುವ ತನಕ, ಹೊಟ್ಟೆ ಹಿಡಿದುಕೊಳ್ಳುವ ತನಕ ನಕ್ಕಳು. ಮಧುರಾ ಮಹಡಿಯಿಂದ ಬಗ್ಗಿ "ವಾಟ್ ಹ್ಯಾಪನ್ಡ್?" ಎಂದು ಕೇಳಿದರೂ ಹೇಳಲಾಗಲಿಲ್ಲ.

"ಹದಿನಾರು ಮನೇಲಿ ಉಂಡು," ಎಂದಳು ಕೊನೆಗೆ, ಉಸಿರು ಹಿಡಿದು, "ನಮ್ಮನೆ ಕೆಲಸ ಒಂದೇ ಮಾಡ್ಕೊಂಡ್ ಬಂದ್ರಲ್ರೀ."

ಆಕೆ ಎದ್ದು ಅವನ ಎದೆಯ ಮೇಲಿನ ಸ್ಟಿಕರನ್ನು ಬಿಡಿಸಿದಳು. ಜೇಬಿನಿಂದ ಟೌನಿನ ಪತ್ರ ತೆಗೆದು, ಸುಕ್ಕು ನೀವಿ, ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಹಾಕಿ ನಿಲ್ಲಿಸಿದಳು. ಸ್ಟಿಕರನ್ನು ಅದರ ಮೂಲೆಗೆ ಅಂಟಿಸಿದಳು.

"ಇರ್ಲಿ ಬಿಡಿ. ನೀವು ಈ ಮನೇಲಿದ್ದೀರಿ ಅನ್ನೋದಕ್ಕೆ ಇರೋದು ಇದೊಂದೇ ದಾಖಲೆ."

ಕೃಷ್ಣಪ್ರಸಾದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ತೊಟ್ಟಿಯನ್ನು ಒಳಗೆಳೆದುಕೊಂಡು ಬಂದ.